ಮಲ್ಪೆಯಲ್ಲಿ ನಾಲ್ಕನೇ ರಾತ್ರಿ

ರೂಮಿಗೆ ಸಾವಿರದಿನ್ನೂರು, ಅದು ಸರಿ,
ಕುದುರೆಗೆ ಎಲ್ಲಿ ಜಾಗ? ಕೇಳಿದ ಲಾಡ್ಜಿನವ.
ನಾನು ನಕ್ಕೆ. ಅವನು ನಗಲಿಲ್ಲ.
ಗಾಡಿ ತಿರುಗಿಸಿ ಗಾಳಿಮರಗಳ ಬುಡಕ್ಕೆ ಬಂದೆ.

ಹೋದ ವರ್ಷದ ತನಕ ಈ ಪಿಕಪ್ಪು
ಧಕ್ಕೆಗೆ ಮಂಜುಗಡ್ಡೆ ಹೊತ್ತದ್ದು.
ಏಳು ಸಲ ತೊಳೆದರೂ ಬಂಗುಡೆಯ ವಾಸನೆ
ತಗಡಿನ ಸಂದಿಯಲ್ಲಿ ಹಾಗೇ ಕೂತಿದೆ.
ಹತ್ತುವಾಗ ಪ್ರತಿಸಲವೂ ಮೈನಾ ಮೂಗರಳಿಸಿ
ನನ್ನನ್ನೊಮ್ಮೆ ನೋಡುತ್ತಾಳೆ,
ನೆಂಟರ ಮನೆಯಲ್ಲಿ ಸಜ್ಜಿಗೆ ಸೀದದ್ದು ಗೊತ್ತಾಗಿಯೂ
ಸುಮ್ಮನೆ ಕೂತವರ ಹಾಗೆ.

ಹಸನಬ್ಬ ಹೇಳಿಕೊಟ್ಟ ಮಲಗುವ ವಿದ್ಯೆ ಇಷ್ಟು:
ಕುದುರೆ ಇಳಿದ ಮೇಲೆ ಲದ್ದಿ ಗುಡಿಸು, ನೀರು ಹಾಕಬೇಡ,
ಒದ್ದೆ ತಗಡು ನಡುರಾತ್ರಿ ಸೊಂಟ ಹಿಡಿಯುತ್ತದೆ.
ಮೀನಿನ ಪೆಟ್ಟಿಗೆಯ ಒಡೆದ ಥರ್ಮಾಕೋಲು ಧಕ್ಕೆಯಲ್ಲಿ ಪುಕ್ಕಟೆ,
ಕೇಳಿದರೆ ಬೈಯುತ್ತಾರೆ, ಕೇಳದೆ ತಾ.
ಅದರ ಮೇಲೆ ತೌಡಿನ ಖಾಲಿ ಗೋಣಿ, ಎರಡು ಪದರ.
ಗೋಣಿಯ ಮೇಲೆ ಅವಳದೇ ಜೀನಿನ ಕಂಬಳಿ,
ಬೆವರು ಒಣಗಿದ ಮಗ್ಗುಲು ಮೇಲೆ ಬರಲಿ.
ದಿಂಬಿಗೆ ಹುರುಳಿ ಚೀಲ. ಪೂರ್ತಿ ತುಂಬಿದ್ದು ಬೇಡ,
ಅವಳು ಮೂರು ದಿನ ತಿಂದು ಉಳಿದಷ್ಟು ಸಾಕು ತಲೆಗೆ.
ಟಾರ್ಪಾಲು ಕಡಲಿನ ಕಡೆ ತಗ್ಗಿಸಿ ಕಟ್ಟು.
ಹಾಸಿಗೆ ಕೊಳ್ಳುವುದೆಲ್ಲ ದುಂದು.

ಒಟ್ಟು ಖರ್ಚು? ಕೇಳಿದೆ.
ಸೊಳ್ಳೆಬತ್ತಿ, ಎಂದ.

ಕೊನೆಗೆ ಹಗ್ಗ.
ಒಂದು ತುದಿ ಅವಳ ಮುಖಪಟ್ಟಿಗೆ,
ನಡುವೆ ಮರಕ್ಕೆ ಒಂದು ಸುತ್ತು,
ಇನ್ನೊಂದು ತುದಿ ಕಾಲಿನ ಹೆಬ್ಬೆರಳಿಗೆ.
ಜಗ್ಗಿದರೆ ಬಿಚ್ಚುವ ಗಂಟು ಹಾಕು, ಬೆರಳು ನಿನ್ನದೇ.

ಮೊದಲ ಮೂರು ರಾತ್ರಿ ಅವಳು ಮಲಗಲಿಲ್ಲ.
ಹುಬ್ಬಳ್ಳಿ ಕಡೆ ಏಳು ವರ್ಷ ಮದುಮಕ್ಕಳನ್ನು ಹೊತ್ತವಳು,
ಪಟಾಕಿಗೆ ಕಿವಿ ಅಲುಗಿಸದವಳು,
ಅಲೆ ಹಿಂದಕ್ಕೆ ಸರಿಯುವ ಆ ಸಣ್ಣ ಸದ್ದಿಗೆ
ಹಗ್ಗ ಬಿಗಿಯಾಗುವಷ್ಟು ದೂರ ಸರಿದು ನಿಲ್ಲುತ್ತಾಳೆ.
ಅವಳು ಕಾಲು ಬದಲಿಸಿದಾಗಲೆಲ್ಲ
ನನ್ನ ಹೆಬ್ಬೆರಳು ಎದ್ದು ಕೂರುತ್ತದೆ.
ಹಗಲು ಮಕ್ಕಳು, ಐವತ್ತು ರೂಪಾಯಿಗೆ ಒಂದು ಸುತ್ತು,
ಫೋನು ಎತ್ತಿ ಹಿಡಿದು ಹಿಂದೆಯೇ ನಡೆವ ಅಪ್ಪಂದಿರು
ಒಣಗಲು ಹರವಿದ ಬಲೆಗೆ ಕಾಲು ಸಿಕ್ಕಿಸಿಕೊಳ್ಳುವರು.
ಮಧ್ಯಾಹ್ನಕ್ಕೆ ಅವಳ ರೆಪ್ಪೆ, ನನ್ನ ರೆಪ್ಪೆ,
ಎರಡೂ ಒಂದೇ ತೂಕ.

ಕುದುರೆ ನಿಂತೇ ನಿದ್ದೆ ಮಾಡ್ತದಲ್ಲ ಮಾರಾಯ?
ಚಾ ಕೊಡುತ್ತ ಜಲಜಕ್ಕ ಕೇಳಿದರು.
ಮಾಡ್ತದೆ. ಬಸ್ಸಿನಲ್ಲಿ ನೀವು ಮಾಡುವಂಥದ್ದು.
ಕನಸಿನಷ್ಟು ಆಳಕ್ಕೆ ಇಳಿಯಬೇಕಾದರೆ ಮಲಗಲೇಬೇಕು,
ಮಲಗಬೇಕಾದರೆ ಪಕ್ಕದಲ್ಲಿ ಯಾರಾದರೂ ಎದ್ದಿರಬೇಕು.
ಹಸನಬ್ಬ ಇದನ್ನು ಹೇಳಿರಲಿಲ್ಲ.
ಅವನಿಗೆ ಮೂರು ಕುದುರೆ.

ನಾಲ್ಕನೇ ರಾತ್ರಿ ಪಿಕಪ್ಪಿನ ಬೋಲ್ಟೊಂದು
ಥರ್ಮಾಕೋಲು ತೂತು ಮಾಡಿ ಪಕ್ಕೆಗೆ ಬಂತು.
ಎದ್ದು, ಹಿಂಬಾಗಿಲು ಇಳಿಸಿ, ಕಾಲು ಇಳಿಬಿಟ್ಟು ಕೂತೆ.
ದೂರದಲ್ಲಿ ದೋಣಿಗಳ ದೀಪ,
ಎಣಿಕೆ ಹನ್ನೊಂದಕ್ಕೆ ತಪ್ಪಿತು.

ಆಗ ಹಗ್ಗ ಸಡಿಲವಾಯಿತು.
ನಲವತ್ತೆರಡು ಸಾವಿರ! ಎದೆ ಧಸಕ್ಕೆಂದಿತು.
ಅವಳ ಹೆಸರು ನೆನಪಾದದ್ದು ಆಮೇಲೆ,
ಸುಳ್ಳು ಯಾಕೆ ಹೇಳಲಿ.

ನಾಲ್ಕು ಹೆಜ್ಜೆ ಗಾಡಿಯತ್ತ ಬಂದಿದ್ದಳು ಅಷ್ಟೆ.
ಮುಂಗಾಲು ಮಡಚಿ, ಗಂಟು ನೋವಿನ ಅಜ್ಜಿ
ನೆಲಕ್ಕೆ ಕೂರುವ ಹಾಗೆ ಉಸ್ಸೆಂದು
ಮರಳಿಗೆ ಒರಗಿದಳು, ಕುತ್ತಿಗೆ ಪೂರ್ತಿ ಚಾಚಿ.
ಸ್ವಲ್ಪ ಹೊತ್ತಿಗೆ ಹಿಂಗಾಲು ಅದುರತೊಡಗಿತು.
ಯಾವುದೋ ದಿಬ್ಬಣದಲ್ಲಿ ನಡೆಯುತ್ತಿರಬೇಕು,
ಬೆನ್ನ ಮೇಲೆ ಯಾರೂ ಇಲ್ಲದೆ. ಇದ್ದರೂ ಇದ್ದಾರು.

ಬೀಟಿನ ಪೊಲೀಸ ಟಾರ್ಚು ಬಿಟ್ಟ:
ಏನಯ್ಯ, ನಿದ್ದೆ ಇಲ್ವಾ?
ಬಾಯಿಗೆ ಬೆರಳಿಟ್ಟೆ.
ಬೆಳಕು ಆರಿಸಿ ಅವನೂ ತುಸು ಹೊತ್ತು ನಿಂತ,
ಚಪ್ಪಲಿ ಕೈಯಲ್ಲಿ ಹಿಡಿದು ಹೋದ.

ಎರಡಕ್ಕೋ ಎರಡೂವರೆಗೋ
ಸೊಳ್ಳೆಬತ್ತಿ ಮುಗಿಯಿತು.
ಇನ್ನೊಂದು ಪೆಟ್ಟಿಗೆಯಲ್ಲಿತ್ತು. ಎದ್ದರೆ
ತಗಡು ಸದ್ದು ಮಾಡುತ್ತದೆಂದು
ಕಚ್ಚಿಸಿಕೊಂಡೇ ಕೂತೆ.